ಅಂಗಾಂಗ ಕಸಿಯ ನಂತರದ ಲಿಂಫೋಮಾ ಮತ್ತು ಇತರ ಕ್ಯಾನ್ಸರ್‌ಗಳು

ಮೂತ್ರಪಿಂಡ, ಯಕೃತ್ತು, ಹೃದಯ ಅಥವಾ ಶ್ವಾಸಕೋಶವನ್ನು ಕಸಿ ಮಾಡಿಸಿಕೊಂಡವರಲ್ಲಿ ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಹೊಸದಾಗಿ ಹುಟ್ಟಿಕೊಳ್ಳುವ ಕ್ಯಾನ್ಸರ್‌ಗಳನ್ನು ವೈದ್ಯರು ಪ್ರತ್ಯೇಕ ಗುಂಪಾಗಿಯೇ ನೋಡುತ್ತಾರೆ. ಇವುಗಳ ಬೇರು ಬಹುಪಾಲು ಒಂದೇ. ಕಸಿಯಾದ ಅಂಗವನ್ನು ದೇಹ ಹೊರದಬ್ಬದಿರಲೆಂದು ಜೀವಮಾನವಿಡೀ ನುಂಗಬೇಕಾದ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳೇ ಆ ಬೇರು. ಗುಂಪಿನಲ್ಲಿ ಎಲ್ಲಕ್ಕಿಂತ ವಿಶಿಷ್ಟವಾದದ್ದು ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಜಾತಿಯಾದ ಲಿಂಫೋಸೈಟ್‌ಗಳ ಕ್ಯಾನ್ಸರ್. ಕಸಿಯ ನಂತರ ಈ ಕಣಗಳು ಅಂಕೆ ಮೀರಿ ಬೆಳೆಯುವ ಎಲ್ಲ ಸ್ಥಿತಿಗಳಿಗೂ, ತಾನಾಗಿ ಇಳಿಯುವ ಊತದಿಂದ ಹಿಡಿದು ಉಗ್ರ ಕ್ಯಾನ್ಸರ್‌ವರೆಗೆ, ಪಿಟಿಎಲ್‌ಡಿ ಎಂಬ ಒಂದೇ ಹೆಸರು ಬಳಕೆಯಲ್ಲಿದೆ. ಚರ್ಮ, ತುಟಿ, ಬಾಯಿ, ಗರ್ಭಕಂಠ, ಯಕೃತ್ತು, ಮೂತ್ರಪಿಂಡಗಳ ಕ್ಯಾನ್ಸರ್ ಮತ್ತು ಕಪೋಸಿ ಸಾರ್ಕೋಮಾ ಈ ಗುಂಪಿನ ಉಳಿದ ಮುಖ್ಯ ಸದಸ್ಯರು.

ಬೆಳಗಾವಿ ಜಿಲ್ಲೆಯ ಮಲಪ್ರಭಾ ಸೀಮೆಯಲ್ಲಿ, ಅಂದರೆ ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತ, ‘ಕಿಡ್ನಿ ಹಾಕಿಸಿಕೊಂಡವರು’ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಇಲ್ಲಿಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವುದು ಬೆಳಗಾವಿಯಲ್ಲಿ ಮತ್ತು ಹುಬ್ಬಳ್ಳಿ-ಧಾರವಾಡದಲ್ಲಿ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಮೂತ್ರಪಿಂಡ ಕಸಿಯ ಜೊತೆಗೆ ಹೃದಯ ಕಸಿಯನ್ನೂ ಮಾಡಿದೆ. ಅದೇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿ 3ರಂದು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಈ ಭಾಗದ ಜನರಿಗೆ ಹಳೆಯ ಪರಿಚಯ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ. ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗಗಳ ಹಂಚಿಕೆಯನ್ನು ರಾಜ್ಯ ಸರ್ಕಾರದ ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ನಗರದಲ್ಲಿ ಮುಗಿಯುತ್ತದೆ, ಆದರೆ ಮುಂದಿನ ಹತ್ತಿಪ್ಪತ್ತು ವರ್ಷ ಕಳೆಯುವುದು ಊರಿನಲ್ಲಿ. ಇಲ್ಲಿ ಹೇಳಲಿರುವ ಕ್ಯಾನ್ಸರ್‌ಗಳು ಹುಟ್ಟುವುದು ಆ ವರ್ಷಗಳಲ್ಲಿ. ಅವು ಮೊದಲು ಕಣ್ಣಿಗೆ ಬೀಳುವುದೂ ಕಸಿ ತಜ್ಞರಿಗಲ್ಲ, ಊರಿನ ಡಾಕ್ಟರಿಗೆ. ಈ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಹೊರಟವರು ಮರೆಯಬಾರದ ಸಂಗತಿ ಇದು.

ಇತಿಹಾಸ

ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ, ಜೋಸೆಫ್ ಮರ್ರೆಯವರ ಕೈಯಲ್ಲಿ ಆಯಿತು. ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದುದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವೇ ಬೇಕಾಗಲಿಲ್ಲ. ಹಾಗಾಗಿ ಈ ಬಗೆಯ ಕ್ಯಾನ್ಸರಿನ ಮಾತೂ ಬರಲಿಲ್ಲ. ಅವಳಿಯಲ್ಲದವರಿಗೂ ಕಸಿ ಸಾಧ್ಯವಾದದ್ದು 1962ರ ಹೊತ್ತಿಗೆ, ಅಂಥ ಔಷಧವಾದ ಅಜಥಯೋಪ್ರಿನ್ ಬಳಕೆಗೆ ಬಂದ ಮೇಲೆ. ಆರೇ ವರ್ಷಗಳಲ್ಲಿ, 1968ರಲ್ಲಿ, ನ್ಯೂಜಿಲೆಂಡ್‌ನ ವೈದ್ಯರು ಮೂತ್ರಪಿಂಡ ಕಸಿಯಾದ ರೋಗಿಯಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಕಂಡದ್ದನ್ನು ವರದಿ ಮಾಡಿದರು. ಮರುವರ್ಷ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಅವರ ತಂಡದಲ್ಲಿದ್ದ, ದಕ್ಷಿಣ ಆಫ್ರಿಕಾ ಮೂಲದ ಇಸ್ರೇಲ್ ಪೆನ್ ಇಂಥ ಹಲವು ಪ್ರಕರಣಗಳನ್ನು ಒಟ್ಟಿಗಿಟ್ಟು ಇವು ಕಾಕತಾಳೀಯವಲ್ಲ ಎಂದು ತೋರಿಸಿದರು. ಕಸಿಯಾದವರಲ್ಲಿ ಬರುವ ಕ್ಯಾನ್ಸರ್‌ಗಳ ದಾಖಲೆ ಇಡಲು ಪೆನ್ ಶುರು ಮಾಡಿದ ನೋಂದಣಿ ಮುಂದೆ ಸಿನ್ಸಿನಾಟಿಗೆ ಹೋಯಿತು, ಇಂದಿಗೂ ಅವರ ಹೆಸರಿನಲ್ಲೇ ಇದೆ. ಪ್ರಯೋಗಾಲಯದ ದೊಡ್ಡ ಶೋಧಗಳ ನೆರಳಿನಲ್ಲಿ ಇಂಥ ಗುಮಾಸ್ತಿಕೆಯ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಗುವುದಿಲ್ಲ. ಈ ಕಾಯಿಲೆಯ ಮಟ್ಟಿಗೆ ಹೇಳುವುದಾದರೆ ದಾರಿ ತೋರಿಸಿದ್ದು ಆ ಪಟ್ಟಿಗಳೇ.

1968ರದೇ ಮತ್ತೊಂದು ವರದಿ ಬಾಸ್ಟನ್ನಿನದು. ಶ್ವಾಸಕೋಶದ ಕ್ಯಾನ್ಸರ್ ಇದ್ದ ದಾನಿಯ ಮೂತ್ರಪಿಂಡದ ಜೊತೆಗೆ ಆ ಕ್ಯಾನ್ಸರೂ ರೋಗಿಯ ದೇಹ ಸೇರಿತ್ತು. ಔಷಧ ನಿಲ್ಲಿಸಿದಾಗ ದೇಹ ಎಚ್ಚೆತ್ತು ಪರಕೀಯ ಮೂತ್ರಪಿಂಡವನ್ನೂ ಅದರ ಜೊತೆ ಬಂದ ಕ್ಯಾನ್ಸರನ್ನೂ ಒಟ್ಟಿಗೇ ತಿರಸ್ಕರಿಸಿತು. ರೋಗನಿರೋಧಕ ಶಕ್ತಿಗೆ ಕ್ಯಾನ್ಸರ್ ಕಣಗಳನ್ನು ಗುರುತಿಸಿ ಕೊಲ್ಲುವ ತಾಕತ್ತಿದೆಯೇ ಎಂಬ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ ಇದು ಮನುಷ್ಯರ ದೇಹದಲ್ಲೇ ಸಿಕ್ಕ ಸಾಕ್ಷ್ಯವಾಗಿತ್ತು.

ಭಾರತದಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಕರ್ನಾಟಕದ ಎಷ್ಟೋ ರೋಗಿಗಳು ಬಹುಕಾಲ ಹೋಗುತ್ತಿದ್ದುದೂ ಅಲ್ಲಿಗೇ. ಮಿದುಳು ನಿಷ್ಕ್ರಿಯತೆಯನ್ನು ಸಾವು ಎಂದು ಮಾನ್ಯ ಮಾಡಿದ, ಅಂಗಗಳ ಮಾರಾಟವನ್ನು ಅಪರಾಧವಾಗಿಸಿದ ಕಾಯ್ದೆ ಬಂದದ್ದು 1994ರಲ್ಲಿ. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು.

ಕಸಿಯ ಫಲಿತಾಂಶವನ್ನು ನಿಜವಾಗಿ ಬದಲಿಸಿದ್ದು 1980ರ ದಶಕದ ಸೈಕ್ಲೋಸ್ಪೊರಿನ್ ಮತ್ತು ಅದರ ಬೆನ್ನಿಗೇ ಬಂದ ಟ್ಯಾಕ್ರೊಲಿಮಸ್. ಮೊದಲನೆಯದು ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ, ಎರಡನೆಯದು ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಅಂಗಗಳು ಹೆಚ್ಚು ಕಾಲ ಉಳಿದವು, ಜೊತೆಗೇ ಲಿಂಫೋಮಾ ಪ್ರಕರಣಗಳೂ ಏರಿದವು. ತಿರಸ್ಕಾರವನ್ನು ತಡೆಯಲು ಕೊಡುತ್ತಿದ್ದ ಒಕೆಟಿ3 ಎಂಬ ತೀವ್ರ ಚುಚ್ಚುಮದ್ದು ಪಡೆದ ಹೃದಯ ಕಸಿ ರೋಗಿಗಳಲ್ಲಿ ಲಿಂಫೋಮಾ ಒಂಬತ್ತು ಪಟ್ಟು ಹೆಚ್ಚು ಎಂದು 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಅಷ್ಟರಲ್ಲಿ, 1984ರಲ್ಲೇ, ಸ್ಟಾರ್ಜಲ್ ತಂಡ ಎಲ್ಲರೂ ಬೆರಗಾಗುವ ಮಾತೊಂದನ್ನು ಪ್ರಕಟಿಸಿತ್ತು: ಔಷಧದ ಪ್ರಮಾಣ ಇಳಿಸಿದರೆ ಈ ಲಿಂಫೋಮಾಗಳಲ್ಲಿ ಕೆಲವು ಕರಗಿಹೋಗುತ್ತವೆ.

ಒಂದು ವೈರಸ್ಸಿನ ಕೈವಾಡ

ಕರಗಲು ಕಾರಣ ತಿಳಿಯಬೇಕಾದರೆ ಎಪ್‌ಸ್ಟೀನ್-ಬಾರ್ ವೈರಸ್ಸಿನ ಪರಿಚಯ ಬೇಕು. ಉಗಾಂಡದ ಮಕ್ಕಳ ದವಡೆಯಲ್ಲಿ ಡೆನಿಸ್ ಬರ್ಕಿಟ್ ಗುರುತಿಸಿದ್ದ ಗಡ್ಡೆಯಲ್ಲಿ 1964ರಲ್ಲಿ ಆಂಟನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಇದನ್ನು ಕಂಡರು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ದೇಹದಲ್ಲಿ ಇದು ಇದೆ. ಎಂಜಲಿನಿಂದ ಹರಡುತ್ತದೆ, ಒಂದೇ ಲೋಟದಲ್ಲಿ ನೀರು ಕುಡಿಯುವ, ಮಗುವಿನ ಬಾಯಿಗೆ ತುತ್ತು ಮೆದುಮಾಡಿ ಇಡುವ ನಮ್ಮಂಥ ಮನೆಗಳಲ್ಲಿ ಶಾಲೆಗೆ ಹೋಗುವ ಮುಂಚೆಯೇ ಬಹುತೇಕ ಮಕ್ಕಳಿಗೆ ತಗಲಿರುತ್ತದೆ. ತಗಲಿದ್ದು ಯಾರಿಗೂ ಗೊತ್ತೂ ಆಗುವುದಿಲ್ಲ. ವೈರಸ್ ಬಿ-ಲಿಂಫೋಸೈಟ್‌ಗಳೊಳಗೆ ಹೊಕ್ಕು ಜೀವನವಿಡೀ ಅಲ್ಲೇ ಅಡಗಿ ಕೂರುತ್ತದೆ. ಹೊರಗೆ ಟಿ-ಲಿಂಫೋಸೈಟ್‌ಗಳು ಅದರ ಮೇಲೆ ಕಣ್ಣಿಟ್ಟಿರುತ್ತವೆ. ವೈರಸ್ ಹೊಕ್ಕ ಕಣ ಬೆಳೆಯಲು ಶುರುವಾದೊಡನೆ ಅದನ್ನು ಹುಡುಕಿ ಕೊಲ್ಲುತ್ತವೆ.

ಕಸಿಯ ಮಾತ್ರೆಗಳು ಕೈಕಟ್ಟಿ ಹಾಕುವುದು ಈ ಟಿ-ಕಣಗಳನ್ನೇ, ಏಕೆಂದರೆ ಹೊಸ ಮೂತ್ರಪಿಂಡವನ್ನು ಪರಕೀಯವೆಂದು ಗುರುತಿಸಿ ಮೇಲೆ ಬೀಳುವವೂ ಅವೇ. ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟರೆ ಅತಿಥಿಯೂ ಒಳಬರಬಹುದು, ಕಳ್ಳನೂ ಒಳಬರಬಹುದು. ವೈರಸ್ ತಾನು ಸೇರಿಕೊಂಡ ಬಿ-ಕಣಕ್ಕೆ ಸದಾ ‘ಬೆಳೆ’ ಎಂಬ ಸಂಕೇತ ಕೊಡುವ ಪ್ರೋಟೀನುಗಳನ್ನು ತಯಾರಿಸುತ್ತದೆ. ತಡೆಯುವವರಿಲ್ಲದೆ ಕಣಗಳು ಬೆಳೆಯುತ್ತವೆ. ಮೊದಮೊದಲು ಬಗೆಬಗೆಯ ಕಣಗಳ ಗುಂಪು, ಆಮೇಲೆ ವಂಶವಾಹಿಗಳಲ್ಲಿ ಇನ್ನಷ್ಟು ಕೆಡುಕು ಕೂಡಿಕೊಂಡು ಒಂದೇ ಕಣದ ಸಂತಾನ. ಟಿ-ಕಣಗಳಿಗೆ ಮತ್ತೆ ಎಚ್ಚರ ಬಂದರೆ ಮೊದಲ ಹಂತದ ಬೆಳವಣಿಗೆಯನ್ನು ಅವು ಅಳಿಸಿಹಾಕಬಲ್ಲವು. ಎರಡನೆಯ ಹಂತ ಮುಟ್ಟಿದ ಮೇಲೆ ಅದು ಅಷ್ಟು ಸುಲಭವಲ್ಲ.

ಅಪಾಯ ಎಲ್ಲರಿಗೂ ಒಂದೇ ಅಲ್ಲ. ವೈರಸ್ ಇನ್ನೂ ತಗಲದ ರೋಗಿಗೆ ವೈರಸ್ ಇರುವ ದಾನಿಯ ಅಂಗ ಬಂದಾಗ ಅಪಾಯ ಅತ್ಯಧಿಕ. ಚಿಕ್ಕ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚಿರುವುದಕ್ಕೆ ಇದೇ ಕಾರಣ. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಕೊಂಡು ಯಕೃತ್ತಿನ ಕಸಿಗೆ ಒಳಗಾಗುವ ಹಸುಳೆಗಳ ವಿಷಯದಲ್ಲಿ ವೈದ್ಯರು ಮೊದಲ ವರ್ಷ ರಕ್ತದಲ್ಲಿ ವೈರಸ್ಸಿನ ಪ್ರಮಾಣವನ್ನು ಮತ್ತೆ ಮತ್ತೆ ಅಳೆಯುತ್ತಾರೆ. ಬೆಲಟಾಸೆಪ್ಟ್ ಎಂಬ ಔಷಧ 2011ರಲ್ಲಿ ಅಮೆರಿಕದಲ್ಲಿ ಮಂಜೂರಾದಾಗ ವೈರಸ್ ತಗಲದವರಿಗೆ ಕೊಡಬಾರದೆಂಬ ನಿಷೇಧವೂ ಜೊತೆಗೇ ಬಂತು. ಅಂಗದಿಂದ ಅಂಗಕ್ಕೂ ವ್ಯತ್ಯಾಸವಿದೆ. ಮೂತ್ರಪಿಂಡದವರಲ್ಲಿ ನೂರಕ್ಕೆ ಒಂದೆರಡು. ಹೃದಯ, ಶ್ವಾಸಕೋಶದವರಲ್ಲಿ ಅದಕ್ಕಿಂತ ಹೆಚ್ಚು. ಕರುಳಿನ ಕಸಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಕರುಳು, ಶ್ವಾಸಕೋಶಗಳಲ್ಲಿ ದಾನಿಯ ಲಿಂಫೋಸೈಟ್‌ಗಳೇ ತುಂಬಿರುತ್ತವೆ, ಔಷಧವನ್ನೂ ಜಾಸ್ತಿ ಕೊಡಬೇಕಾಗುತ್ತದೆ.

ಬಾಲ್ಯದಲ್ಲೇ ವೈರಸ್ ತಗಲಿಸಿಕೊಂಡಿರುವ ನಮ್ಮ ವಯಸ್ಕ ರೋಗಿಗಳಿಗೆ ಇದರಿಂದ ಸ್ವಲ್ಪ ರಕ್ಷಣೆಯಿದೆ. ಆದರೆ ಕಸಿಯಾಗಿ ಎಷ್ಟೋ ವರ್ಷಗಳ ಮೇಲೆ ಬರುವ ಲಿಂಫೋಮಾಗಳಲ್ಲಿ ದೊಡ್ಡ ಪಾಲಿನಲ್ಲಿ ಈ ವೈರಸ್ ಇರುವುದೇ ಇಲ್ಲ. ಅವು ವಯಸ್ಸಾದವರ ಸಾಮಾನ್ಯ ಲಿಂಫೋಮಾವನ್ನೇ ಹೋಲುತ್ತವೆ, ಔಷಧ ಇಳಿಸಿದ ಮಾತ್ರಕ್ಕೆ ಜಗ್ಗುವುದಿಲ್ಲ. ಮೊದಲ ವರ್ಷ ದಾಟಿತು, ಇನ್ನು ಭಯವಿಲ್ಲ ಎಂದುಕೊಳ್ಳುವಂತಿಲ್ಲ.

ಘನ ಅಂಗಗಳ ಕಸಿಯಲ್ಲಿ ಕೆಟ್ಟು ಬೆಳೆಯುವ ಕಣಗಳು ಸಾಮಾನ್ಯವಾಗಿ ರೋಗಿಯ ಸ್ವಂತ ಕಣಗಳು. ಅಸ್ಥಿಮಜ್ಜೆಯ ಕಸಿಯಲ್ಲಿ ದಾನಿಯವು. ವಿಶ್ವ ಆರೋಗ್ಯ ಸಂಸ್ಥೆಯ 2017ರ ವರ್ಗೀಕರಣ ಪಿಟಿಎಲ್‌ಡಿಯನ್ನು ಗ್ರಂಥಿಯ ರಚನೆ ಕೆಡಿಸದ ಊತ, ಹಲವು ಬಗೆಯ ಕಣಗಳ ಮಿಶ್ರಣ, ಒಂದೇ ಬಗೆಯ ಕಣಗಳ ಲಿಂಫೋಮಾ, ಹಾಡ್ಜ್‌ಕಿನ್ ಬಗೆ ಎಂದು ವಿಂಗಡಿಸಿತು. ಮೂರನೆಯ ಗುಂಪಿನ ದೊಡ್ಡ ಬಿ-ಕಣದ ಲಿಂಫೋಮಾವೇ ಎಲ್ಲಕ್ಕಿಂತ ಸಾಮಾನ್ಯ.

ಗಂಟು, ಜ್ವರ ಮತ್ತು ಟಿಬಿಯ ಗೊಂದಲ

“ಸಣ್ಣಗ ಜ್ವರ ಬರಾಕತ್ತಾವ್ರಿ, ಕೊಳ್ಳಾಗ ಗಂಟ ಎದ್ದೈತ್ರಿ” ಎಂದು ಒಬ್ಬ ಬಂದರೆ ಉತ್ತರ ಕರ್ನಾಟಕದ ಯಾವ ಡಾಕ್ಟರ ತಲೆಯಲ್ಲೂ ಮೊದಲು ಹೊಳೆಯುವುದು ಟಿಬಿ. ಅದರಲ್ಲಿ ತಪ್ಪೇನಿಲ್ಲ. ವೆಲ್ಲೂರಿನಿಂದ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂತ್ರಪಿಂಡ ಕಸಿಯಾದ 1,251 ಮಂದಿಯ ಪೈಕಿ 166 ಮಂದಿಗೆ, ಅಂದರೆ ನೂರರಲ್ಲಿ ಹದಿಮೂರು ಜನಕ್ಕೆ, ಟಿಬಿ ಬಂದಿತ್ತು. ಲಿಂಫೋಮಾದ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ. ಹೀಗಾಗಿ ಲೆಕ್ಕಾಚಾರ ಟಿಬಿಯ ಕಡೆಗೇ ವಾಲುತ್ತದೆ. ತೊಂದರೆ ಏನೆಂದರೆ ಎರಡೂ ಒಂದೇ ವೇಷದಲ್ಲಿ ಬರುತ್ತವೆ: ಸಂಜೆಯ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ತೂಕ ಇಳಿಯುವುದು, ಕೊರಳು ಕಂಕುಳಲ್ಲಿ ಗಂಟು. ಪಿಟಿಎಲ್‌ಡಿ ಗಂಟಿನ ರೂಪದಲ್ಲೇ ಬರಬೇಕೆಂದೂ ಇಲ್ಲ. ಮಕ್ಕಳಲ್ಲಿ ಟಾನ್ಸಿಲ್ ಊದಿ ಗೊರಕೆ ಶುರುವಾಗಬಹುದು. ಕರುಳಿನಲ್ಲಿ ಬೆಳೆದು ಹೊಟ್ಟೆನೋವು, ಕಪ್ಪು ಮಲ, ಕೆಲವೊಮ್ಮೆ ಕರುಳು ತೂತಾಗುವುದು ಕೂಡ ಉಂಟು. ಕಸಿಯಾದ ಮೂತ್ರಪಿಂಡದಲ್ಲೇ ಬೆಳೆದರೆ ಕ್ರಿಯಾಟಿನಿನ್ ಏರುತ್ತದೆ, ತಿರಸ್ಕಾರವೆಂದು ತಪ್ಪು ತಿಳಿದು ಸ್ಟಿರಾಯ್ಡ್ ಏರಿಸುವ ಸಂದರ್ಭ ಬರುತ್ತದೆ. ಮಿದುಳಿನಲ್ಲಿ ಬಂದರೆ ಮಂಕು, ಫಿಟ್ಸ್.

ಪರೀಕ್ಷೆಯಿಲ್ಲದೆ ‘ಟಿಬಿ ಇರಬಹುದು, ಮಾತ್ರೆ ಶುರು ಮಾಡೋಣ’ ಎನ್ನುವುದು ಕಸಿಯಾದವರಲ್ಲಿ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಲಿಂಫೋಮಾ ಇದ್ದರೆ ಅದು ಬೆಳೆಯಲು ತಿಂಗಳುಗಟ್ಟಲೆ ಸಮಯ ಸಿಕ್ಕಂತಾಯಿತು. ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು. ಟಿಬಿ ಚಿಕಿತ್ಸೆಯ ಮುಖ್ಯ ಔಷಧವಾದ ರಿಫಾಂಪಿಸಿನ್, ಯಕೃತ್ತಿನಲ್ಲಿ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೊರಿನ್‌ಗಳನ್ನು ಒಡೆದುಹಾಕುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿನ ಪ್ರಮಾಣ ಕುಸಿಯುತ್ತದೆ. ಪ್ರಮಾಣವನ್ನು ಹಲವು ಪಟ್ಟು ಏರಿಸದಿದ್ದರೆ ದೇಹ ಮೂತ್ರಪಿಂಡದ ಮೇಲೆ ಏರಿಹೋಗುತ್ತದೆ. ಅಣ್ಣನೋ ತಾಯಿಯೋ ಕೊಟ್ಟ ಮೂತ್ರಪಿಂಡ ಇಲ್ಲದ ಟಿಬಿಯ ಚಿಕಿತ್ಸೆಗೆ ಬಲಿಯಾದಂತೆ. ಟಿಬಿ ಖಚಿತವಾದಾಗಲೂ ಕಸಿ ತಜ್ಞರು ಎಷ್ಟೋ ಸಲ ರಿಫಾಂಪಿಸಿನ್ ಬಿಟ್ಟು ಬೇರೆ ಔಷಧ ಆರಿಸುತ್ತಾರೆ.

ಹಾಗಾಗಿ ಎಲ್ಲವೂ ನಿಂತಿರುವುದು ಬಯಾಪ್ಸಿಯ ಮೇಲೆ. ಸೂಜಿ ಚುಚ್ಚಿ ನಾಲ್ಕು ಕಣ ತೆಗೆದು ನೋಡುವ ಎಫ್‌ಎನ್‌ಎಸಿ ತಾಲ್ಲೂಕು ಮಟ್ಟದಲ್ಲೂ ಸಿಗುವ ಅಗ್ಗದ ಪರೀಕ್ಷೆ, ಆದರೆ ಇಲ್ಲಿ ಅದು ಸಾಲದು. ಲಿಂಫೋಮಾದ ಬಗೆ ತಿಳಿಯಲು ಗ್ರಂಥಿಯ ರಚನೆಯೇ ಕಾಣಬೇಕು. ಇಡೀ ಗಂಟನ್ನೇ ತೆಗೆಯುವುದು ಉತ್ತಮ. ತೆಗೆದ ಗಂಟನ್ನು ಎರಡು ತುಂಡು ಮಾಡಿ ಎರಡು ಡಬ್ಬಿಗೆ ಹಾಕಬೇಕು: ಒಂದು ಫಾರ್ಮಲಿನ್‌ನಲ್ಲಿ, ಇನ್ನೊಂದು ಬರೀ ಸಲೈನ್‌ನಲ್ಲಿ. ಫಾರ್ಮಲಿನ್ ಅಂಗಾಂಶವನ್ನು ಕೆಡದಂತೆ ಇಡುತ್ತದೆ, ಟಿಬಿಯ ಬ್ಯಾಕ್ಟೀರಿಯಾವನ್ನು ಕೊಂದೂ ಹಾಕುತ್ತದೆ. ಅದರಲ್ಲಿ ಅದ್ದಿದ ತುಂಡಿನಿಂದ ಕಲ್ಚರ್ ಬೆಳೆಸಲಾಗದು. ಇಡೀ ಗಂಟು ಒಂದೇ ಡಬ್ಬಿಯ ಫಾರ್ಮಲಿನ್‌ಗೆ ಬಿದ್ದರೆ ಅರ್ಧ ಉತ್ತರ ಅಲ್ಲೇ ಕಳೆದುಹೋಯಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಕೊಟ್ಟ ಡಬ್ಬಿಯನ್ನು ಮನೆಯವರೇ ಲ್ಯಾಬಿಗೆ ಒಯ್ಯುವ ರೂಢಿಯಿರುವಲ್ಲಿ, ಡಬ್ಬಿ ಎರಡಿರಬೇಕು ಎಂಬುದು ಅವರಿಗೂ ಗೊತ್ತಿದ್ದರೆ ಒಳ್ಳೆಯದು. ಸಲೈನ್‌ನ ತುಂಡು ಜೀನ್‌ಎಕ್ಸ್‌ಪರ್ಟ್ ಮತ್ತು ಕಲ್ಚರಿಗೆ ಹೋಗುತ್ತದೆ. ಫಾರ್ಮಲಿನ್‌ನ ತುಂಡಿನ ಮೇಲೆ ಪೆಥಾಲಜಿಸ್ಟ್ ಸಿಡಿ20 ಮೊದಲಾದ ಕಣದ ಗುರುತುಗಳ ಪರೀಕ್ಷೆಯನ್ನೂ, ಕಣದೊಳಗೆ ಎಪ್‌ಸ್ಟೀನ್-ಬಾರ್ ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಹೇಳುವ ಇಬರ್ ಪರೀಕ್ಷೆಯನ್ನೂ ಮಾಡುತ್ತಾರೆ. ಎರಡೂ ಕಾಯಿಲೆಗಳು ಒಬ್ಬರಲ್ಲೇ ಇರುವುದೂ ಸಾಧ್ಯ. ಆಮೇಲೆ ಪೆಟ್ ಸಿಟಿ ಸ್ಕ್ಯಾನ್. ಅದು ಹರಡುವಿಕೆಯನ್ನು ತೋರಿಸುತ್ತದೆ, ಆದರೆ ಟಿಬಿ ಗಂಟೂ ಅದರಲ್ಲಿ ಅಷ್ಟೇ ಹೊಳೆಯುವುದರಿಂದ ಬಯಾಪ್ಸಿಯ ಬದಲಿಗೆ ನಿಲ್ಲದು.

ಚಿಕಿತ್ಸೆ

ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಇಲ್ಲದ ಮೊದಲ ಹೆಜ್ಜೆ ಇಲ್ಲಿದೆ: ಔಷಧ ಕೊಡುವುದಲ್ಲ, ಕಸಿಯ ಮಾತ್ರೆಗಳನ್ನು ಕಡಿಮೆ ಮಾಡುವುದು. ಮೈಕೋಫೆನೊಲೇಟ್ ಅಥವಾ ಅಜಥಯೋಪ್ರಿನ್ ನಿಲ್ಲಿಸಿ, ಟ್ಯಾಕ್ರೊಲಿಮಸನ್ನು ಅರ್ಧದಷ್ಟು ಇಳಿಸಿ, ಸ್ಟಿರಾಯ್ಡನ್ನು ಉಳಿಸಿಕೊಂಡು ಎರಡರಿಂದ ನಾಲ್ಕು ವಾರ ಕಾಯುವುದು ಸಾಮಾನ್ಯ ಕ್ರಮ. ಎಷ್ಟು ಧೈರ್ಯವಾಗಿ ಇಳಿಸಬಹುದು ಎಂಬುದು ಅಂಗದ ಮೇಲೆ ಹೋಗುತ್ತದೆ. ಮೂತ್ರಪಿಂಡ ಹೋದರೂ ಡಯಾಲಿಸಿಸ್ ಇದೆ. ಜೀವ ಉಳಿಸಲು ಮೂತ್ರಪಿಂಡವನ್ನು ಬಿಟ್ಟುಕೊಡುವ ನಿರ್ಧಾರ ಕಠಿಣವಾದರೂ ಸಾಧ್ಯ. ಹೃದಯಕ್ಕೆ, ಯಕೃತ್ತಿಗೆ ಅಂಥ ಆಸರೆ ಇಲ್ಲ. ಇದು ರೋಗಿ ತಾನೇ ಮಾಡುವ ಕೆಲಸವಂತೂ ಅಲ್ಲವೇ ಅಲ್ಲ. ‘ಮಾತ್ರೆಯಿಂದಲೇ ಕ್ಯಾನ್ಸರ್ ಬರುತ್ತದಂತೆ’ ಎಂದು ಯಾರೋ ಹೇಳಿದ ಮಾತು ಕೇಳಿ ನಿಲ್ಲಿಸಿದವರು ಮೂತ್ರಪಿಂಡವನ್ನೇ ಕಳೆದುಕೊಳ್ಳುತ್ತಾರೆ. ಅಪಾಯವನ್ನು ತೂಗಿದರೆ ಮಾತ್ರೆ ಬಿಡುವುದರದ್ದೇ ಬಹಳ ದೊಡ್ಡದು.

ಅಷ್ಟರಿಂದ ಕರಗದಿದ್ದರೆ ಬಿ-ಕಣಗಳ ಮೇಲಿನ ಸಿಡಿ20 ಗುರುತಿಗೆ ಅಂಟಿಕೊಂಡು ಅವನ್ನು ನಾಶಮಾಡುವ ರಿಟಕ್ಸಿಮ್ಯಾಬ್. ಅಮೆರಿಕದಲ್ಲಿ 1997ರಲ್ಲಿ ಮಂಜೂರಾದ ಈ ಔಷಧ ಇಲ್ಲಿ ಕೈಗೆಟುಕದ ಬೆಲೆಯದಾಗಿತ್ತು. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ರೆಡಿಟಕ್ಸ್ ಹೆಸರಿನ ಬಯೋಸಿಮಿಲರ್ ತಂದ ಮೇಲೆ ಬೆಲೆ ಇಳಿಯಿತು. ವಾರಕ್ಕೊಂದರಂತೆ ನಾಲ್ಕು ಡ್ರಿಪ್ ಕೊಟ್ಟು ನೋಡಿ, ಪೂರ್ತಿ ಕರಗಿದವರಿಗೆ ಅದನ್ನೇ ಮುಂದುವರಿಸಿ, ಉಳಿದವರಿಗೆ ಮಾತ್ರ ಚಾಪ್ ಎಂಬ ನಾಲ್ಕು ಔಷಧಗಳ ಕೀಮೋಥೆರಪಿ ಸೇರಿಸುವ ಕ್ರಮವನ್ನು ಯುರೋಪಿನ ಪಿಟಿಎಲ್‌ಡಿ-1 ಪ್ರಯೋಗ ಸ್ಥಾಪಿಸಿತು. ಕಸಿಯಾದವರು ಕೀಮೋವನ್ನು ಇತರರಷ್ಟು ತಾಳುವುದಿಲ್ಲ. ಸೋಂಕು ಬೇಗ ಮುತ್ತುತ್ತದೆ. ಬೇಡದವರಿಗೆ ಅದನ್ನು ತಪ್ಪಿಸಿದ್ದೇ ಈ ಪ್ರಯೋಗದ ದೊಡ್ಡ ಲಾಭ. ಚಾಪ್‌ನ ನಾಲ್ಕರಲ್ಲಿ ಒಂದಾದ ವಿಂಕ್ರಿಸ್ಟಿನ್ ಮೂಲತಃ ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ಸದಾಪುಷ್ಪದ ಗಿಡದಿಂದ ಬಂದದ್ದು. ಆದರೆ ಆ ಎಲೆ ಅರೆದು ಕುಡಿದರೆ ಸಿಗುವುದು ವಿಷವೇ ಹೊರತು ಚಿಕಿತ್ಸೆಯಲ್ಲ. ರಿಟಕ್ಸಿಮ್ಯಾಬ್ ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮಲಗಿದ್ದ ಆ ವೈರಸ್ ಇದರಿಂದ ಎದ್ದು ಯಕೃತ್ತನ್ನು ಕೆಡಿಸಬಹುದು.

ಇದಕ್ಕೂ ಬಗ್ಗದವರಿಗೆ ಎಪ್‌ಸ್ಟೀನ್-ಬಾರ್ ವೈರಸ್ಸನ್ನು ಗುರುತಿಸುವ ಟಿ-ಕಣಗಳನ್ನು ಬೇರೊಬ್ಬರ ರಕ್ತದಿಂದ ಬೆಳೆಸಿ ಕೊಡುವ ಟ್ಯಾಬೆಲೆಕ್ಲೂಸೆಲ್ ಯುರೋಪಿನಲ್ಲಿ 2022ರ ಡಿಸೆಂಬರಿನಲ್ಲಿ ಮಂಜೂರಾಯಿತು. ಮಾತ್ರೆಗಳು ಕಸಿದುಕೊಂಡ ಕಾವಲನ್ನೇ ಹೊರಗಿನಿಂದ ತಂದು ನಿಲ್ಲಿಸುವ ಈ ಉಪಾಯ ತಾರ್ಕಿಕವಾಗಿ ಎಲ್ಲಕ್ಕಿಂತ ಸೊಗಸಾದದ್ದು, ದುಬಾರಿಯೂ ಹೌದು.

ಇತರ ಕ್ಯಾನ್ಸರ್‌ಗಳು

ಕಸಿ ನೋಂದಣಿಯನ್ನೂ ಕ್ಯಾನ್ಸರ್ ನೋಂದಣಿಗಳನ್ನೂ ತಾಳೆ ಹಾಕಿ ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದ ಅತಿ ದೊಡ್ಡ ಆಧಾರಗಳಲ್ಲಿ ಒಂದು. 1987ರಿಂದ 2008ರವರೆಗಿನ 1,75,732 ಕಸಿಗಳಲ್ಲಿ 10,656 ಕ್ಯಾನ್ಸರ್‌ಗಳು ಸಿಕ್ಕವು. ಸಾಮಾನ್ಯ ಜನರಿಗೆ ಹೋಲಿಸಿದರೆ ಒಟ್ಟಾರೆ ಅಪಾಯ ಎರಡು ಪಟ್ಟು. ನಾನ್-ಹಾಡ್ಜ್‌ಕಿನ್ ಲಿಂಫೋಮಾ ಏಳೂವರೆ ಪಟ್ಟು, ಮೂತ್ರಪಿಂಡದ ಕ್ಯಾನ್ಸರ್ ನಾಲ್ಕೂವರೆ ಪಟ್ಟಿಗೂ ಮೇಲೆ, ತುಟಿಯ ಕ್ಯಾನ್ಸರ್ ಸುಮಾರು ಹದಿನೇಳು ಪಟ್ಟು, ಕಪೋಸಿ ಸಾರ್ಕೋಮಾ ಅರವತ್ತೊಂದು ಪಟ್ಟು. ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಹೆಚ್ಚಲಿಲ್ಲ. ಈ ಕೊನೆಯ ಮಾತು ಬಹಳ ಹೇಳುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದರೆ ಎಲ್ಲ ಕ್ಯಾನ್ಸರ್‌ಗಳೂ ಒಂದೇ ಸಮನೆ ಏರುವುದಿಲ್ಲ. ಬೆನ್ನ ಹಿಂದೆ ವೈರಸ್ ಇರುವವು ಮುಖ್ಯವಾಗಿ ಏರುತ್ತವೆ. ಕಪೋಸಿಗೆ 1994ರಲ್ಲಿ ಕಂಡುಬಂದ ಎಂಟನೆಯ ಹರ್ಪಿಸ್ ವೈರಸ್, ಗರ್ಭಕಂಠಕ್ಕೆ ಪ್ಯಾಪಿಲೋಮಾ, ಯಕೃತ್ತಿಗೆ ಹೆಪಟೈಟಿಸ್ ಬಿ ಮತ್ತು ಸಿ. ಮೂತ್ರಪಿಂಡದ ವಿಷಯ ಬೇರೆ: ವರ್ಷಗಟ್ಟಲೆ ಡಯಾಲಿಸಿಸ್ ಮೇಲಿದ್ದವರ ಹಳೆಯ, ಸೊರಗಿದ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳಾಗಿ ಅವುಗಳ ಗೋಡೆಯಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಹೊಸದು ಹಾಕಿದಾಗ ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ ಎಂಬುದು ಅನೇಕ ರೋಗಿಗಳಿಗೇ ತಿಳಿದಿರುವುದಿಲ್ಲ.

ಬಿಳಿ ಚರ್ಮದ ದೇಶಗಳಲ್ಲಿ, ಅದರಲ್ಲೂ ಆಸ್ಟ್ರೇಲಿಯದಲ್ಲಿ, ಕಸಿಯಾದವರ ಮೊದಲ ಶತ್ರು ಚರ್ಮದ ಕ್ಯಾನ್ಸರ್. ನಮ್ಮ ಕಪ್ಪು ಚರ್ಮ ಇಲ್ಲಿ ವರವೇ. ಎರೆಹೊಲದಲ್ಲಿ ದಿನವಿಡೀ ಬಿಸಿಲಲ್ಲಿ ದುಡಿಯುವ ರೈತನಿಗೂ ಅದು ಅಪರೂಪ. ಭಾರತದ ವರದಿಗಳು ಬಹುಪಾಲು ಒಂದೊಂದು ಆಸ್ಪತ್ರೆಯವು, ಅವುಗಳಲ್ಲಿ ಚರ್ಮದ ಕ್ಯಾನ್ಸರಿನ ಪಾಲು ಸಣ್ಣದು. ಅದರ ಬದಲು ನಾವು ಚಿಂತಿಸಬೇಕಾದದ್ದು ಬಾಯಿಯ ಬಗ್ಗೆ. ನಿಪ್ಪಾಣಿಯ ಬೀಡಿ ತಂಬಾಕು ಇದೇ ಜಿಲ್ಲೆಯ ಬೆಳೆ. ಎಲೆ-ಅಡಿಕೆ-ತಂಬಾಕು, ಗುಟ್ಕಾ ಇಲ್ಲಿನ ದಿನಚರಿ. ಕಸಿಯಾದ ಮೇಲೂ ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುವವನಿಗೆ ಎರಡು ಅಪಾಯಗಳು ಕೂಡಿಕೊಳ್ಳುತ್ತವೆ. ಬಾಯಿಯಲ್ಲಿ ಬಿಳಿ ಮಚ್ಚೆಯೋ ಮೂರು ವಾರಕ್ಕೂ ಮಾಯದ ಹುಣ್ಣೋ ಇದೆಯೇ ಎಂದು ಟಾರ್ಚ್ ಹಿಡಿದು ನೋಡಲು ಯಾವ ಯಂತ್ರವೂ ಬೇಡ.

ದಾನಿಯ ಅಂಗದ ಜೊತೆಗೇ ಕ್ಯಾನ್ಸರ್ ಬರುವುದು ಅತ್ಯಂತ ವಿರಳ, ಆದರೆ ಬಂದಾಗ ಘೋರ. ಮೆಲನೋಮಾ ತೆಗೆಸಿಕೊಂಡು ಹದಿನಾರು ವರ್ಷವಾಗಿದ್ದ ದಾನಿಯ ಮೂತ್ರಪಿಂಡಗಳಿಂದ ಇಬ್ಬರಿಗೆ ಅದು ಹರಡಿದ ಸ್ಕಾಟ್ಲೆಂಡಿನ ಪ್ರಕರಣ 2003ರಲ್ಲಿ ವರದಿಯಾಯಿತು. ಯುರೋಪಿನಲ್ಲಿ ಒಬ್ಬ ದಾನಿಯಿಂದ ನಾಲ್ವರಿಗೆ ಸ್ತನ ಕ್ಯಾನ್ಸರ್ ಹರಡಿದ್ದನ್ನು 2018ರಲ್ಲಿ ಪ್ರಕಟಿಸಲಾಯಿತು. ದಾನಿಯ ಹಳೆಯ ಆಪರೇಷನ್‌ಗಳನ್ನೆಲ್ಲ ಕೆದಕಿ ಕೇಳುವುದು ಇದಕ್ಕೇ.

ತಡೆ ಮತ್ತು ನಿಗಾ

ಕಸಿಗೆ ಮುಂಚಿನ ತಪಾಸಣೆ, ಸಾಧ್ಯವಾದಷ್ಟು ಕಡಿಮೆ ಔಷಧ, ಆಮೇಲೆ ವರ್ಷಕ್ಕೊಮ್ಮೆ ಗಂಟು, ಬಾಯಿ, ಚರ್ಮ, ಹಳೆಯ ಮೂತ್ರಪಿಂಡಗಳ ಸ್ಕ್ಯಾನ್, ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ: ಇಷ್ಟೇ ಕ್ರಮ. ಪ್ಯಾಪಿಲೋಮಾ ಲಸಿಕೆಯನ್ನು ಕಸಿಗೆ ಮುಂಚೆ ಹಾಕಿಸಿದರೆ ಫಲ ಹೆಚ್ಚು. ಕ್ಯಾನ್ಸರ್ ಬಂದವರಲ್ಲಿ ಕೆಲವರನ್ನು ಸಿರೊಲಿಮಸ್‌ಗೆ ಬದಲಿಸುತ್ತಾರೆ. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ, ಭಾರತ ಮೂಲದ ಸುರೇಂದ್ರನಾಥ ಸೆಹಗಲ್ ಕೆನಡಾದಲ್ಲಿ ಬೆಳಕಿಗೆ ತಂದ ಈ ಔಷಧ ತಿರಸ್ಕಾರವನ್ನೂ ತಡೆಯುತ್ತದೆ, ಕಣಗಳ ಬೆಳವಣಿಗೆಯನ್ನೂ ನಿಧಾನಿಸುತ್ತದೆ. ಇದಕ್ಕೆ ಬದಲಿಸಿದಾಗ ಕಪೋಸಿ ಗಡ್ಡೆಗಳು ಮಾಯವಾದದ್ದನ್ನು ಇಟಲಿಯ ವೈದ್ಯರು 2005ರಲ್ಲಿ ತೋರಿಸಿದರು.

‘ಕಡಿಮೆ ಔಷಧ’ ಎಂಬುದು ಹೇಳಿದಷ್ಟು ಸುಲಭವಲ್ಲ, ಅಳತೆಯ ಕೆಲಸ. ಟ್ಯಾಕ್ರೊಲಿಮಸ್ ‘ಲೆವೆಲ್’ ನೋಡಲು ರಕ್ತ ತೆಗೆಯಬೇಕಾದದ್ದು ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆಯ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ. ಮುರಗೋಡದಿಂದ ಬೆಳಗಿನ ಬಸ್ಸು ಹಿಡಿದು ಬೆಳಗಾವಿಗೆ ಹೊರಟವರು ಹೊತ್ತಿಗೆ ಸರಿಯಾಗಿ ಬಸ್ಸಿನಲ್ಲೇ ಮಾತ್ರೆ ನುಂಗಿಬಿಟ್ಟರೆ ರಿಪೋರ್ಟಿನಲ್ಲಿ ಅಂಕಿ ಸುಳ್ಳೇ ಏರಿ ಕಾಣುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಮೂತ್ರಪಿಂಡ ತಿರಸ್ಕಾರದ ದಾರಿ ಹಿಡಿಯುತ್ತದೆ. ಮಾತ್ರೆ ಜೇಬಿನಲ್ಲಿರಬೇಕು, ಲ್ಯಾಬಿನಲ್ಲಿ ಸೂಜಿ ತೆಗೆದ ಮೇಲೆ ಬಾಯಿಗೆ ಹೋಗಬೇಕು. ಫಂಗಸ್ಸಿಗೆ ಕೊಡುವ ಫ್ಲೂಕೊನಜೋಲ್ ಲೆವೆಲನ್ನು ನಿಜವಾಗಿಯೇ ಏರಿಸುತ್ತದೆ. ದೇವನಹಳ್ಳಿಯ ಹೆಮ್ಮೆಯ ಚಕ್ಕೋತದ ಹಣ್ಣೂ ಏರಿಸಬಲ್ಲದು. ‘ಇಮ್ಯೂನಿಟಿ’ ಹೆಚ್ಚಿಸುವ ಕಷಾಯ, ಪುಡಿಗಳ ಜಾಹೀರಾತು ಇವರಿಗೆ ಅಲ್ಲವೇ ಅಲ್ಲ. ವೈದ್ಯರು ತಗ್ಗಿಸಲು ಹೆಣಗುತ್ತಿರುವುದೇ ಆ ಶಕ್ತಿಯನ್ನು.

ಲಿಂಫೋಮಾ ಗುಣವಾಗಿ ಮೂತ್ರಪಿಂಡ ಹೋದವರಿಗೆ ಮರುಕಸಿಯ ಬಾಗಿಲು ಮುಚ್ಚಿಲ್ಲ. ಕಾಯಿಲೆ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ ಡಯಾಲಿಸಿಸ್‌ನಲ್ಲಿ ಕಾಯಿಸಿ, ರಕ್ತದಲ್ಲಿ ವೈರಸ್ಸಿನ ಪ್ರಮಾಣ ನೋಡಿ ಎರಡನೆಯ ಮೂತ್ರಪಿಂಡ ಹಾಕುತ್ತಾರೆ. ಒಮ್ಮೆ ವೈರಸ್ಸಿನೊಂದಿಗೆ ಸೆಣಸಿ ಗೆದ್ದ ದೇಹದಲ್ಲಿ ಲಿಂಫೋಮಾ ಮರುಕಳಿಸುವುದು ಕಡಿಮೆ ಎಂದು ಇದುವರೆಗಿನ ಅನುಭವ ಹೇಳುತ್ತದೆ.